ಮೂಸುವವನ ತೋಟ

"ಇದನ್ನು ತಿಂದರೆ ಏನಾಗುತ್ತದೆ?"
ಎರ್ಮೆಲಿಂಡಾ ಕೇಳಿದ್ದು ಅದೊಂದನ್ನೇ.
ಬಿಸಿಲೆಷ್ಟು, ನೀರೆಷ್ಟು, ಬೆಲೆಯೆಷ್ಟು,
ಯಾವುದೂ ಬೇಡ ಅವಳಿಗೆ.
ಮೂವತ್ತು ವರ್ಷ ಪೋರ್ಟೊದ ಟ್ರಾಮುಗಳಲ್ಲಿ
ಟಿಕೆಟ್ಟು ತಪಾಸಣೆ ಮಾಡಿದವಳು
ನನ್ನ ನರ್ಸರಿಯ ಸಾಲುಗಳ ನಡುವೆ
ಹಾಗೇ ನಡೆದಳು
ಕುಂಡದಿಂದ ಕುಂಡಕ್ಕೆ,
ತೋರಿಸು, ಎಲ್ಲಿ, ತೋರಿಸು ಎಂಬಂತೆ.

ಹಗ್ಗದ ತುದಿಯಲ್ಲಿ ಫರೂಸ್ಕು.
ಮಸಿ ಮೆತ್ತಿದವನು ಎಂದು ಆ ಹೆಸರಿನ ಅರ್ಥ.
ಮೀನು ಮಾರುಕಟ್ಟೆಯ ಹಿಂದೆ ಸಿಕ್ಕ ಮರಿ.
ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ,
ಇವನು ಆಡು ಬಿಟ್ಟದ್ದನ್ನೂ ಮುಗಿಸುವವನು:
ಒಂದು ಚಪ್ಪಲಿ, ಅರ್ಧ ಸಾಬೂನು,
ಸಂತ ಅಂತೋನಿಯ ಮಣ್ಣಿನ ಬಲಗೈ.

ನಾನು ಹೇಳುತ್ತ ಹೋದೆ.
ಹೈಡ್ರೇಂಜಿಯ ಬೇಡ, ಹೊಟ್ಟೆ ಕೆಡುತ್ತದೆ.
ಚರಂಡಿಯ ಬದಿಗೆ ತಾನೇ ಹುಟ್ಟುವ ಬಿಳಿ ಕ್ಯಾಲಾ
ಅಗಿದರೆ ನಾಲಿಗೆ ತುಂಬ ಸೂಜಿ.
ಇದು, ಇನ್ನೂ ಎಲೆಯಲ್ಲೇ ಇರುವುದು,
ಮೇ ತಿಂಗಳಿಗೆ ನೇರಳೆ ಅಂಗುಸ್ತಾನಗಳನ್ನು ತೂಗಿಬಿಡುತ್ತದೆ,
ಎದೆಬಡಿತದ ಲೆಕ್ಕ ತಪ್ಪಿಸುತ್ತದೆ.

"ಚೆಂದದ್ದೆಲ್ಲ ಹೀಗೇನೋ?"

ಎಲ್ಲ ಅಲ್ಲ. ಇಗೋ, ತೋಳನ ಬಾಯಿ.
ಎರಡು ಬೆರಳಲ್ಲಿ ಕೆನ್ನೆ ಒತ್ತಿದೆ,
ಹೂ ಆ ಎಂದಿತು.
ಫರೂಸ್ಕು ಹಿಂದಕ್ಕೆ ಹಾರಿ
ಅದರ ಗಂಟಲಿನೊಳಕ್ಕೇ ಬೊಗಳಿದ.
ಹೆಸರಷ್ಟೇ ತೋಳ, ಅಂದೆ, ಹಲ್ಲಿಲ್ಲ, ನಂಜಿಲ್ಲ.
ಅವಳು ನಕ್ಕಳು. ಆರು ಕೊಂಡಳು.
ರೋಸ್ಮರಿ ಕೊಂಡಳು, ಸೂರ್ಯಕಾಂತಿಯ ಬೀಜ ಒಂದು ಪೊಟ್ಟಣ.
ಬಾಗಿಲವರೆಗೆ ಹೋಗಿ
ಬೆನ್ನು ತಿರುಗಿಸಿಕೊಂಡೇ
"ಕಣಗಿಲೆ?" ಅಂದಳು.

ನಾನು ಕೈಯ ಕುಂಡ ಕೆಳಗಿಟ್ಟೆ.
ಎಲೆ, ತೊಗಟೆ, ಹೂ,
ಎಲೆ ಬಿದ್ದು ನೆನೆದ ಬೋಗುಣಿಯ ನೀರು ಕೂಡ.
ಎಷ್ಟು ಗಿಡ?
"ಹನ್ನೊಂದು. ನನ್ನವಲ್ಲ."

ಹನ್ನೊಂದೂ ಜುಲ್ಮೀರಾಳವು.
ಅಪ್ಪನ ಮನೆ ಎರಡು ಪಾಲಾದ ವರ್ಷ
ಅಕ್ಕ ನೆಟ್ಟ ಗಡಿ.
ಗೋಡೆಗಾದರೆ ನಗರಸಭೆಯ ಪರವಾನಗಿ ಬೇಕು,
ಮುನಿಸಿಗೆ ಬೇಡ.
ಹತ್ತೊಂಬತ್ತು ಬೇಸಿಗೆ ಗುಲಾಬಿ ಬಣ್ಣಕ್ಕೆ ಅರಳಿತು,
ಆಚೆಯವಳು ಈಚೆಯವಳಲ್ಲಿ
ಒಂದು ಚಿಟಿಕೆ ಉಪ್ಪು ಕೇಳಲಿಲ್ಲ.
ನಾಯಿಗೆ ಪಾಲುಪತ್ರ ಓದಲು ಬಾರದು.
ಬುಡದ ಸಂದಿಯಲ್ಲಿ ನುಸುಳಿ
ದಿನಕ್ಕೆ ಹತ್ತು ಸಲ ಆಚೆ, ಹತ್ತು ಸಲ ಈಚೆ.

ಅಕ್ಕನ ಹತ್ತಿರ ಮಾತಾಡಿ, ಅಂದೆ.
ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಹೋದಳು.

ಮುಂದಿನ ಮಂಗಳವಾರ
ನದಿಯ ಮಂಜು ಗಾಜಿನ ಮನೆಗೆ ಒತ್ತಿಕೊಂಡಿತ್ತು.
ನಾನು ಬೀಗ ತೆಗೆಯುವ ಮೊದಲೇ
ಉದ್ದ ಬೂದು ಕೋಟಿನ ಹೆಂಗಸೊಬ್ಬಳು. ಅದೇ ಮೂಗು.
"ಬೇಲಿಗೆ ಏನಾದರೂ ಕೊಡು.
ನಾಯಿ ತಿಂದರೂ ಏನೂ ಆಗಬಾರದು."
ನಾಯಿ ಸಾಕಿದ್ದೀರಾ?
"ಇಲ್ಲ. ನನಗೆ ನಾಯಿ ಅಂದರೆ ಆಗುವುದಿಲ್ಲ."
ಕೋಟಿಗೆ ಮಂಡಿಯಿಂದ ಸೊಂಟದವರೆಗೆ
ಕಪ್ಪು ಕೂದಲು.

ಕ್ಯಾಮೆಲಿಯಾ ಬರೆದುಕೊಂಡೆ, ಹನ್ನೊಂದು.
ದಪ್ಪ ಕೈಗವಸು ಕೊಟ್ಟೆ.
ಕಿತ್ತದ್ದನ್ನು ಸುಡಬೇಡಿ, ಹೊಗೆಯೂ ಕೆಟ್ಟದ್ದು, ಅಂದೆ.
"ಗೊತ್ತು," ಅಂದಳು,
"ನೆಟ್ಟವಳು ನಾನು."

ಶನಿವಾರ ವ್ಯಾನಿನಲ್ಲಿ ಗಿಡ ಒಯ್ದಾಗ
ಹಿತ್ತಲಲ್ಲಿ ಯಾರೂ ಇಲ್ಲ. ಹನ್ನೊಂದು ಗುಂಡಿ.
ಆರರ ಮಣ್ಣು ಆ ಕಡೆಗೆ ಬಿದ್ದಿತ್ತು,
ಐದರದು ಈ ಕಡೆಗೆ.
ನಾನು ಏನೂ ಕೇಳಲಿಲ್ಲ, ಇಳಿಸಿದೆ, ನೆಟ್ಟೆ.
ಫರೂಸ್ಕು ಹಿಂದೆಯೇ ಬಂದ,
ಒಂದೊಂದನ್ನೂ ಮೂಸಿದ,
ನಾಲ್ಕನೆಯದಕ್ಕೆ ಕಾಲೆತ್ತಿದ,
ಏಳನೆಯದರ ಮೊಗ್ಗು ಕಿತ್ತು
ಕಣ್ಣು ಮುಚ್ಚಿ ಅಗಿಯತೊಡಗಿದ.

ಎರಡು ಕಿಟಕಿ ಒಟ್ಟಿಗೆ ತೆರೆದವು.
"ಉಗುಳೋ!"
ಆಮೇಲೆ ಒಂದೇ ಬೈಗುಳ, ಎರಡು ಬಾಯಲ್ಲಿ,
ಅಪ್ಪನದೇ ಇರಬೇಕು.

ಏನೂ ಆಗುವುದಿಲ್ಲ, ಅಂದೆ ನಾನು,
ಯಾವ ಕಿಟಕಿಯ ಕಡೆ ನೋಡಿ ಹೇಳಬೇಕೋ
ತಿಳಿಯದೆ.